ಹಿಂದೆ ಕೂತು ನೋಡುವ ಡ್ರೈವರ್

ಕಾರಿನ ಹಿಂಬಾಗಿಲು ಮೆತ್ತಗೆ ಧಪ್ಪೆಂದು ಮುಚ್ಚುವ ಸದ್ದು ಇನ್ನೂ ಕಿವಿಯಲ್ಲಿದೆ. ವಿಜಯಪುರದ ಕಡೆಯ ನಮ್ಮ ಡ್ರೈವರ್ ಯಾವ ಗಾಡಿಯ ಮಾತು ಬಂದರೂ, “ಮೊದ್ಲ ಹಿಂದ ಕುಂತು ನೋಡ್ರಿ” ಎನ್ನುತ್ತಿದ್ದ.

ಸೊಂಟದ ಆಪರೇಷನ್ ಆದ ಮೇಲೆ ನಮ್ಮ ಯಜಮಾನರಿಗೆ ಒಂದೇ ಹಟ: ಕಾರಿನಿಂದ ತಮ್ಮನ್ನು ಯಾರೂ ಕೈಹಿಡಿದು ಎಬ್ಬಿಸಬಾರದು. ಲಕ್ಷುರಿ ಸೆಡಾನ್ ಕೊಳ್ಳೋಣವೆಂದು ನಾನು ಕಾರ್ ಮ್ಯಾಗಜೀನ್‌ಗಳನ್ನು ಸೀರಿಯಸ್ಸಾಗಿ ಓದಿದೆ. ವಿಮರ್ಶಕರೆಲ್ಲ ಹೊಗಳಿದ್ದ ಗಾಡಿಯನ್ನು ನೋಡಲು ಮುಂಬಯಿಯ ಗೋರೆಗಾಂವ್‌ನ ಶೋರೂಮಿಗೆ ಹೋದೆವು. ಹಿಂದಿನ ಸೀಟು ತಗ್ಗು. ಕುಳಿತ ನಮ್ಮವರಿಗೆ ಏಳಲಾಗಲಿಲ್ಲ. ಸೇಲ್ಸ್‌ಮನ್ ಕೈ ಚಾಚಿದ.

“ತಡೀರಿ, ಸಾಹೇಬ್ರು ತಾವ ಏಳ್ತಾರ” ಎಂದು ಡ್ರೈವರ್ ತಡೆದ. ಮೂರನೇ ಸಲಕ್ಕೆ ಎದ್ದರು, ಬೆವರು ಸುರಿಸುತ್ತ.

“ಹ್ಯಾಂಡ್ಲಿಂಗ್ ಫೆಂಟಾಸ್ಟಿಕ್ ಅಂತ ಬರೆದಿದ್ದಾರಲ್ಲಪ್ಪ” ಎಂದೆ.

“ಬರದವ್ರು ಮುಂದ ಕುಂತು ಬರದಾರ್ರೀ ಮೇಡಂ. ಸಾಹೇಬ್ರು ಹಿಂದ ಕೂಡ್ತಾರ.”

ಕೊನೆಗೆ ಕೊಂಡದ್ದು ಎತ್ತರದ ಸೀಟಿನ, ವಿಮರ್ಶಕರು ಬೋರಿಂಗ್ ಎಂದು ತಳ್ಳಿಹಾಕಿದ್ದ ಗಾಡಿ. ನಾಲ್ಕು ವರ್ಷ ನಮ್ಮವರು ಅದರಿಂದ ತಾವೇ ಇಳಿದರು.

ಡ್ರೈವರನ್ನು ಕೊನೆಯ ಸಲ ನೋಡಿದ್ದು ನಮ್ಮವರು ತೀರಿಕೊಂಡ ದಿನ, ಬೈಕುಲ್ಲಾದ ನಮ್ಮ ಬಿಲ್ಡಿಂಗಿನ ಕೆಳಗೆ. ಅವರನ್ನು ಶವದ ಗಾಡಿಗೆ ಎತ್ತಲು ನೆರೆಹೊರೆಯ ಗಂಡಸರೆಲ್ಲ ಮುಂದೆ ಬಂದರು. ಅವನೊಬ್ಬ ಮಾತ್ರ ಕೈ ಹಚ್ಚದೆ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.