ಘಾಟಿನ ಗಾಡಿ ಕಾಯುವ ಸುಭದ್ರಾಬಾಯಿ

ಬೆಳಗಿನ ಐದೂವರೆ. ಹವಳಗಾದ ಸಕ್ಕರೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿವೆ. ಎಳ್ಳಮಾಸಿ ಹಬ್ಬ ಮುಗಿದು ವಾರವಾದರೂ ಚಳಿ ಬಿಟ್ಟಿಲ್ಲ. ರಸ್ತೆ ಬದಿಯ ತಗಡಿನ ಹೋಟೆಲಿನಲ್ಲಿ ಸುಭದ್ರಾಬಾಯಿ ಚಹಾಕ್ಕೆ ಇಟ್ಟು, ಅದು ಕುದಿಯುವಷ್ಟರಲ್ಲಿ ಇನ್ನೊಂದು ಕೆಲಸ ಮುಗಿಸಲು ಕನ್ನಡಕ ಏರಿಸುತ್ತಾರೆ. ಮಡಿಲಲ್ಲಿ ವಿಡಿಯೋ ಗೇಮಿನ ಜಾಯ್‌ಸ್ಟಿಕ್ ಇದೆ. ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಗುಂಡಿಗಳ ಅಡಿಯ ಜಿಗುಟನ್ನು ಒರೆಸುತ್ತಾರೆ. ಕಬ್ಬಿನ ಹಾಲು ಒಣಗಿ ಕೂತರೆ ಗುಂಡಿ ಒತ್ತಿದ್ದು ಮೇಲೇಳುವುದಿಲ್ಲ.

"ಕೈ ತೊಳಕೊಂಡ ಮುಟ್ಟ್ರಿ ಅಂತ ಬಕೀಟ ಇಟ್ಟೇನಿ. ಯಾರ ಕೇಳ್ತಾರ? ಕಬ್ಬ ತಿಂದ್ಕೋತ ಬಂದು ಹಂಗೇ ಹಿಡೀತಾರ," ಎಂದು ಗೊಣಗುತ್ತಾರೆ. ಗೊಣಗುವಾಗಲೂ ಕೈ ಮಾತ್ರ ಹಸುಗೂಸಿಗೆ ಎಣ್ಣೆ ಹಚ್ಚುವಷ್ಟು ಮೆತ್ತಗೆ ಆಡುತ್ತದೆ.

ಐವತ್ತೇಳು ವರ್ಷದ ಸುಭದ್ರಾಬಾಯಿ ಅಫಜಲಪುರ ತಾಲೂಕಿನ ಅತನೂರಿನವರು. ಅವರ ಯಜಮಾನರು ಊರಲ್ಲಿ ಹೊಲ ನೋಡಿಕೊಳ್ಳುತ್ತಾರೆ. ಕಬ್ಬು ನುರಿಸುವ ಐದು ತಿಂಗಳು ಇವರು ಇಲ್ಲಿ ಹೋಟೆಲು ಹೂಡುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಡ್ರೈವರುಗಳು ಇವರ ಬಾಕು-ಬೆಂಚಿನ ಮೇಲೆ ಕೂತೇ ತಮ್ಮ ಪಾಳಿ ಕಾಯುವುದು. ಕಾಯುವುದೆಂದರೆ ಅರ್ಧ ದಿನ, ಒಮ್ಮೊಮ್ಮೆ ಪೂರ್ತಿ ದಿನ. ಮೊದಲೆಲ್ಲ ಹೊತ್ತು ಕಳೆಯಲು ಇಸ್ಪೀಟು ನಡೆಯುತ್ತಿತ್ತು. ಇಸ್ಪೀಟಿಗೆ ಜಗಳ, ಜಗಳಕ್ಕೆ ಒಡೆದ ಕಪ್ಪುಗಳು. ಎಂಟು ವರ್ಷದ ಹಿಂದೆ ಸುಭದ್ರಾಬಾಯಿ ಎಲೆಗಳನ್ನೆಲ್ಲ ಒಲೆಗೆ ಹಾಕಿ, ಅಫಜಲಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ತೌಸೀಫನನ್ನು ಕರೆಸಿದರು. ಅವನು ಒಂದು ಹಳೆ ಕಂಪ್ಯೂಟರ್, ಒಂದು ಟಿವಿ, ಎರಡು ಜಾಯ್‌ಸ್ಟಿಕ್ ತಂದು ಕೂಡಿಸಿಕೊಟ್ಟ. ಚಹಾ ಕುಡಿದವರಿಗೆ ಆಟ ಪುಕ್ಕಟೆ.

ಅದರಲ್ಲಿದ್ದ ಆಟಕ್ಕೆ ಇಂಗ್ಲಿಷಿನಲ್ಲಿ ಮೊಳದುದ್ದ ಹೆಸರಿದೆ. ಇಲ್ಲಿ ಎಲ್ಲರಿಗೂ ಅದು 'ಘಾಟಿನ ಗಾಡಿ'. ಮಾಲು ಹೇರಿದ ಲಾರಿಯನ್ನು ಗುಡ್ಡದ ಕಡಿದಾದ ದಾರಿಯಲ್ಲಿ ಹತ್ತಿಸಿ ಇಳಿಸಬೇಕು. ಮಾಲು ಒಂದು ಕಡೆ ಹೆಚ್ಚಾದರೆ ಗಾಡಿ ವಾಲುತ್ತದೆ, ಗೇರು ತಪ್ಪಿದರೆ ಹಿಂದಕ್ಕೆ ಜಾರುತ್ತದೆ. ದಿನವಿಡೀ ಟ್ರ್ಯಾಕ್ಟರ್ ಓಡಿಸಿದವರು ಬಿಡುವಿನಲ್ಲಿ ಮತ್ತೆ ಗಾಡಿಯನ್ನೇ ಓಡಿಸುತ್ತಾರಲ್ಲ ಎಂದು ನಗಬೇಡಿ. ಈ ಗಾಡಿಗೆ ಟಯರು ಸವೆದರೆ ಸಂಕಟವಿಲ್ಲ, ಹಿಂದಿನವರ ಬೈಗುಳವೂ ಇಲ್ಲ.

ಆಟಕ್ಕೆ ಇಲ್ಲಿಯದೇ ಆದ ಒಂದು ಪದ್ಧತಿ ಬೆಳೆದಿದೆ. ಎಲ್ಲರಿಗೂ ಸೇರಿ ಒಂದೇ ಲಾರಿ. ಹೊರಗೆ ಸಾಲು ಕದಲಿದಾಗ ಆಡುವವನು ಎದ್ದು ತನ್ನ ಟ್ರ್ಯಾಕ್ಟರ್ ಮುಂದಕ್ಕೆ ಒಯ್ಯಬೇಕು. ಅವನು ಬಿಟ್ಟಲ್ಲಿಂದ ಮುಂದಿನವನು ಹಿಡಿಯಬೇಕು. ಮೊದಲ ವರ್ಷ ಯಾರೋ ಲಾರಿಯ ಡೀಸೆಲ್ ಎಣ್ಣೆ ತಳ ಕಾಣಿಸಿ ಎದ್ದುಹೋಗಿ, ನಂತರ ಕೂತ ಮಟಕಿ ಊರಿನ ಗುರಣ್ಣ ಘಾಟಿನ ನಡುವೆ ಸಿಕ್ಕಿಬಿದ್ದು ರಂಪ ಮಾಡಿದ. ಅಂದೇ ಸುಭದ್ರಾಬಾಯಿ ಟಿವಿಯ ಮೇಲೆ ರಟ್ಟು ಅಂಟಿಸಿದರು: 'ಟಾಕಿ ತುಂಬಿ ಇಳಿಯಬೇಕು.' ಹೀಗೆ ಕೈಯಿಂದ ಕೈಗೆ ದಾಟುತ್ತ ಆ ಲಾರಿ ಎಂಟು ಹಂಗಾಮು ಓಡಿದೆ. ಗುರಣ್ಣ ಅದಕ್ಕೆ ಹಳದಿ ಬಣ್ಣ ಹೊಡೆಸಿದ. ಜೇವರ್ಗಿಯ ರಸೂಲ ಎರಡು ಹಂಗಾಮು ಒದ್ದಾಡಿ ದೊಡ್ಡ ಸೇತುವೆ ದಾಟಿಸಿದ. ಆ ದಿನ ಎಲ್ಲರಿಗೂ ಸುಭದ್ರಾಬಾಯಿಯ ಕಡೆಯಿಂದ ಶೇಂಗಾ ಹೋಳಿಗೆ.

ಇವರು ಮಾತ್ರ ಈ ಹಂಗಾಮಿನವರೆಗೂ ಒಂದು ದಿನವೂ ಆಡಿದವರಲ್ಲ. ಇವರದು ಗಾಡಿ ಕಾಯುವ ಕೆಲಸ. ದಿನಕ್ಕೆ ಇನ್ನೂರು ಕಪ್ ಚಹಾ, ನಲವತ್ತು ಜನರ ಪಾಳಿ, ಎರಡು ಸಲ ಜಾಯ್‌ಸ್ಟಿಕ್ ಒರೆಸುವುದು, ಕರೆಂಟು ಹೋದಾಗಲೆಲ್ಲ ಬ್ಯಾಟರಿಗೆ ಓಡುವುದು. ಗುಂಡಿಯ ರಬ್ಬರು ಹರಿದರೆ ಸೈಕಲ್ ಟ್ಯೂಬು ಕತ್ತರಿಸಿ ಹಾಕುತ್ತಾರೆ, ಸ್ಪ್ರಿಂಗು ಹೋದರೆ ಬಾಲ್‌ಪೆನ್ನಿನದು. ಒಂದು ವರ್ಷ ಇಲಿ ವೈರು ಕಡಿದಾಗ ಅದನ್ನು ಬಿಡಿಸಿ, ಹೊಸೆದು, ಟೇಪು ಸುತ್ತಿದ್ದೂ ಇವರೇ. ಹಂಗಾಮು ಮುಗಿದ ಮೇಲೆ ಕಂಪ್ಯೂಟರನ್ನು ಹಳೆ ಇಳಕಲ್ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅತನೂರಿಗೆ ಒಯ್ಯುತ್ತಾರೆ.

ಇಷ್ಟು ಜೋಪಾನ ಮಾಡಿದ ಗಾಡಿ ಈ ಹಂಗಾಮಿನ ಆರಂಭದಲ್ಲಿ ಕಾಣೆಯಾಯಿತು. ಕಳೆದದ್ದು ಇವರ ಕೈಯಿಂದಲೇ.

ಘಾಟಿನ ಗಾಡಿಯ ಎರಡನೇ ಭಾಗ ಬರುತ್ತದೆಂದು ಡ್ರೈವರುಗಳು ಏಳು ವರ್ಷದಿಂದ ಹೇಳುತ್ತಿದ್ದರು. ಅದರಲ್ಲಿ ಮಳೆ ಬರುತ್ತದಂತೆ, ಹನ್ನೆರಡು ಗಾಲಿಯ ಲಾರಿ ಇರುತ್ತದಂತೆ ಎಂದು ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಇವರಿಗೆ ತೋರಿಸುತ್ತಿದ್ದರು. ದೀಪಾವಳಿಗೆ ಅದು ಬಂದೇ ಬಂತು. ಹುಡುಗರು ಹಂಗಾಮಿಗೆ ಬರುವಷ್ಟರಲ್ಲಿ ಹೊಸದು ತಯಾರಿರಲಿ ಎಂದು ಸುಭದ್ರಾಬಾಯಿ ತೌಸೀಫನನ್ನು ಕರೆಸಿದರು. ಕಂಪ್ಯೂಟರಿನಲ್ಲಿ ಜಾಗ ಸಾಲುವುದಿಲ್ಲ, ಹಳೆಯದನ್ನು ತೆಗೆಯಲೇ ಎಂದು ಅವನು ಕೇಳಿದ. ಇವರು ಹೂಂ ಅಂದರು.

"ಕಬ್ಬಿನ ಹೊಲದಾಗ ಬೆಳದಾಕಿ ನಾ. ಹಳೇ ಕಬ್ಬಿನ ಕೂಳಿ ಬೇರಸಮೇತ ಕಿತ್ತಿ ತಗದ ಮ್ಯಾಲೇ ಹೊಸಾ ಕಬ್ಬ ಹಚ್ಚತೀವಲ್ರಿ? ಇದೂ ಹಂಗೇ ಅಂತ ತಿಳಕೊಂಡೆ. ತೌಸೀಫ ಎರಡ ಸಲ ಕೇಳಿದ. ಎರಡೂ ಸಲ ತಗೀಯಪ್ಪಾ ಅಂದೆ," ಎನ್ನುತ್ತಾರೆ. ಹೇಳುವಾಗ ಈಗಲೂ ಮುಖ ಸಣ್ಣದಾಗುತ್ತದೆ.

ಮೊದಲ ದಿನ ಬೆಳಿಗ್ಗೆ ಬಾಕು ಸಾಲದೆ ಜನ ನೆಲದ ಮೇಲೆ ಕೂತರು. ಗುರಣ್ಣ ಕೈ ತೊಳೆದು ಒರೆಸಿಕೊಂಡು ಬಂದು ಜಾಯ್‌ಸ್ಟಿಕ್ ಹಿಡಿದ. ಚಿತ್ರವೇನೋ ಕಣ್ಣು ಕೋರೈಸುವಂತಿತ್ತು, ರಸ್ತೆ ನುಣ್ಣಗೆ ಹೊಳೆಯುತ್ತಿತ್ತು. ಆದರೆ ಗೇರು ಇರಲಿಲ್ಲ. ಎಷ್ಟು ಮಾಲು ಹೇರಿದರೂ ಗಾಡಿ ವಾಲುತ್ತಿರಲಿಲ್ಲ. ದೊಡ್ಡ ಸೇತುವೆಯನ್ನೇ ಕಿತ್ತುಹಾಕಿದ್ದರು. ಹತ್ತು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ಯಾವುದೋ ಜಾಹೀರಾತು. ಎಲ್ಲಕ್ಕಿಂತ ಮೇಲಾಗಿ, ಗುಂಡಿ ಬಿಟ್ಟರೂ ಲಾರಿ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಗುರಣ್ಣ ಜಾಯ್‌ಸ್ಟಿಕ್ ಕೆಳಗಿಟ್ಟ.

"ಅಕ್ಕಾ, ಇದರಾಗ ನನಗೇನ ಕೆಲಸ ಅದರಿ?" ಎಂದ. "ಹಳೇದ ಹಚ್ಚ್ರಿ."

ಹಳೆಯದು ಇಲ್ಲವೆಂದು ಸುಭದ್ರಾಬಾಯಿ ಹೇಳಿದರು. ಯಾರೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನುತ್ತಾರೆ ಇವರು. ಒಬ್ಬೊಬ್ಬರೇ ಎದ್ದು ಹೋಗಿ ತಂತಮ್ಮ ಟ್ರ್ಯಾಕ್ಟರಿನ ಮೇಲೆ ಕೂತು ಮೊಬೈಲು ನೋಡತೊಡಗಿದರು. ಮಾರನೆಯ ವಾರ ಹಿಂದಿನ ಬಾಕಿನ ಮೇಲೆ ಇಸ್ಪೀಟಿನ ಎಲೆಗಳು ಕಂಡವು. ತೌಸೀಫ ಎರಡು ಸಲ ಬಂದು ಹುಡುಕಾಡಿ ಕೈಚೆಲ್ಲಿದ. ಹಳೆಯ ಆಟವನ್ನು ಮತ್ತೆ ಹಾಕಿಕೊಡುವುದು ಕಷ್ಟವಲ್ಲ, ಆದರೆ ಅದರಲ್ಲಿ ಇವರ ಗಾಡಿ ಇರುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು ಎಂದ.

"ಅವರ ಗಾಡಿ ನನ್ನ ಭರೋಸಾದ ಮ್ಯಾಲ ಬಿಟ್ಟ ಹೋಗಿದ್ರು. ನಾನೇ ಕಳದೆ," ಎನ್ನುತ್ತಾರೆ ಸುಭದ್ರಾಬಾಯಿ.

ಗಾಡಿ ಸಿಕ್ಕಿದ್ದು ಜೇವರ್ಗಿಯ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ. ಮೂರು ಹಂಗಾಮಿನ ಹಿಂದೆ, ಮನೆಯಲ್ಲೂ ಆಡಬೇಕೆಂದು ರಸೂಲ ಆಟವನ್ನು ಗಾಡಿ ಸಮೇತ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿದ್ದ. ಮನೆಯ ಕಂಪ್ಯೂಟರಿನಲ್ಲಿ ಅದು ಓಡಲಿಲ್ಲ. ಅದೇ ಪೆನ್‌ಡ್ರೈವಿನಲ್ಲಿ ತಂಗಿಯ ಮದುವೆಯ ಫೋಟೊ ಇದ್ದದ್ದರಿಂದ ಅವನ ತಾಯಿ ಖಾಲಿ ಮಾಡಲು ಬಿಟ್ಟಿರಲಿಲ್ಲ. ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಅವನು ಒಂದು ಮುಂಜಾನೆ ಬಂದ. ತೌಸೀಫನೂ ಬಂದ. ಇಸ್ಪೀಟು ಬಿಟ್ಟು ಎಲ್ಲರೂ ಒಳಗೆ ಬಂದರು.

ಟಿವಿಯಲ್ಲಿ ಗಾಡಿ ಮೂಡಿತು. ಹಳದಿಯಲ್ಲ, ಅದಕ್ಕೂ ಹಿಂದಿನ ಕೆಂಪು ಬಣ್ಣ. ಗುರಣ್ಣ, "ಇರ್ಲಿ, ಮತ್ತ ಹಚ್ಚಿದರಾತು," ಎಂದ. ಆದರೆ ಗಾಡಿ ನಿಂತಿದ್ದು ಘಾಟಿನ ಏರಿನ ನಡುವೆ, ಎಣ್ಣೆಯ ಮುಳ್ಳು ತಳ ಕಂಡಿತ್ತು. ಮೂರು ವರ್ಷದ ಹಿಂದೆ ಹೊರಗೆ ಸಾಲು ಕದಲಿದ ಗಡಬಡಿಯಲ್ಲಿ ಹಾಗೇ ಎದ್ದು ಓಡಿದವನು ಯಾರೆಂದು ಹೇಳಬೇಕಾಗಿರಲಿಲ್ಲ. ಎಲ್ಲರೂ ರಸೂಲನ ಕಡೆ ತಿರುಗಿದರು.

"ಆವತ್ತ ನನ್ನ ನಂಬರ ಕರದಿದ್ರು, ಅಕ್ಕಾ," ಎಂದು ಅವನು ತಲೆ ಕೆರೆದುಕೊಂಡ. ಆಮೇಲೆ ಜಾಯ್‌ಸ್ಟಿಕ್ಕನ್ನು ಸುಭದ್ರಾಬಾಯಿಯ ಕೈಗಿಟ್ಟ. "ನೀವೇ ಹೊಡೀರಿ. ನಿಮ್ಮ ಕೈಯಾಗ ಹೋಗಿತ್ತು, ನಿಮ್ಮ ಕೈಯಿಂದಲೇ ಬರ್ಲಿ."

ನೂರು ಸಲ ಬಿಚ್ಚಿ ಜೋಡಿಸಿದ ಜಾಯ್‌ಸ್ಟಿಕ್ಕನ್ನು ಅವರು ಆಡುವುದಕ್ಕೆಂದು ಹಿಡಿದದ್ದು ಅದೇ ಮೊದಲು. ಎರಡು ಸಲ ಗಾಡಿ ಹಿಂದಕ್ಕೆ ಜಾರಿತು. ಬಂಕು ಮುಟ್ಟುವ ಮೊದಲೇ ಎಣ್ಣೆ ತೀರಿದರೆ ಗಾಡಿ ಜಪ್ತಿ, ಮತ್ತೆ ಸೊನ್ನೆಯಿಂದ ಶುರು. "ಒಂದನೇ ಗೇರಿನ್ಯಾಗ ಇಡ್ರಿ, ಅವಸರ ಬ್ಯಾಡ," ಎಂದು ಗುರಣ್ಣ ಕಿವಿಯ ಬಳಿ ಮೆಲ್ಲಗೆ ಹೇಳುತ್ತಿದ್ದ. ಒಲೆಯ ಮೇಲೆ ಚಹಾ ಉಕ್ಕಿತು, ಯಾರೂ ಏಳಲಿಲ್ಲ. ಹೊರಗೆ ಸಾಲು ಕದಲಿತು, ಆಗಲೂ ಯಾರೂ ಏಳಲಿಲ್ಲ. ಹಿಂದಿನ ಟ್ರ್ಯಾಕ್ಟರುಗಳ ಹಾರ್ನ್ ಕೇಳಿ ಬಯ್ಯಲು ಬಂದ ಕಾರ್ಖಾನೆಯ ವಾಚಮನ್ ಖಾದರಸಾಬ ಟಿವಿ ನೋಡಿ, ಬಯ್ಯುವುದನ್ನು ಮರೆತು ಅಲ್ಲೇ ಕೂತ. ಇಪ್ಪತ್ತು ನಿಮಿಷ ಹಿಡಿಯಿತು. ಗಾಡಿ ಬಂಕಿನ ಮುಂದೆ ನಿಂತಾಗ ಸುಭದ್ರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

ಈಗ ಇಸ್ಪೀಟು ಮತ್ತೆ ಒಲೆ ಸೇರಿದೆ. ಎರಡನೇ ಭಾಗವನ್ನು ತೌಸೀಫ ತೆಗೆದುಹಾಕಿದ್ದಾನೆ. ಗಾಡಿಯ ಒಂದು ಪ್ರತಿ ಈಗ ಅತನೂರಿನ ಮನೆಯಲ್ಲಿ ಜೋಳದ ಡಬ್ಬಿಯ ಪಕ್ಕದಲ್ಲಿದೆ, ಇನ್ನೊಂದು ರಸೂಲನ ತಾಯಿಯ ಬಳಿ, ಮದುವೆಯ ಫೋಟೊಗಳ ಜೊತೆ. ಕಳೆದ ಮೂರು ಹಂಗಾಮಿನ ದಾರಿಯನ್ನು ಹುಡುಗರು ಹೊಸದಾಗಿ ಸವೆಸುತ್ತಿದ್ದಾರೆ. ದೊಡ್ಡ ಸೇತುವೆ ಇನ್ನೂ ದಾಟಿಲ್ಲ.

ಚಹಾ ಕುದಿಯುತ್ತದೆ. ಜಾಯ್‌ಸ್ಟಿಕ್ಕಿನ ಕೊನೆಯ ಸ್ಕ್ರೂ ಬಿಗಿದು ಸುಭದ್ರಾಬಾಯಿ ಅದನ್ನು ಟಿವಿಯ ಮುಂದೆ ಇಡುತ್ತಾರೆ. ಮೂರನೇ ಭಾಗವೂ ಬರುತ್ತದಂತಲ್ಲ ಎಂದು ನಾನು ಕೇಳಿದರೆ ಅವರಿಗೆ ಸಿಟ್ಟು ಬರುವುದಿಲ್ಲ.

"ಬರ್ಲಿ ಬಿಡ್ರಿ. ಮಾಡಿದವರೂ ಪಾಪ ಏನೋ ಛಲೋ ಆಗ್ಲಿ ಅಂತೇ ಮಾಡಿರ್ತಾರ. ಅದಕ್ಕ ಬ್ಯಾರೆ ಕಂಪ್ಯೂಟರ ತರ್ತೇನಿ. ಇದರಾಗಿನ ಕೂಳಿ ಮಾತ್ರ ಯಾರಿಗೂ ಮುಟ್ಟಗೊಡಂಗಿಲ್ಲ. ಹುಡುಗರು ಇನ್ನೊಮ್ಮೆ ಆ ಸೇತುವಿ ದಾಟಿದ್ದ ನೋಡಬೇಕು, ಅಷ್ಟೇ ಆಸೆ."

ಮೊದಲ ಡ್ರೈವರ್ ಬಕೀಟಿನಲ್ಲಿ ಕೈ ಅದ್ದುತ್ತಾನೆ. ಸುಭದ್ರಾಬಾಯಿ ಚಹಾ ಸೋಸುತ್ತ ರಟ್ಟಿನ ಮೇಲಿನ ಬರಹದ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

"ಮತ್ತೊಂದ ಬರಕೊಳ್ರಿ. ಆವತ್ತ ನಾ ಆಡಿ ಇಳಿದಾಗ ಟಾಕಿ ತುಂಬಿತ್ತು."