ಗದ್ದಲವಿರುವ ಹೋಟೆಲು ಹುಡುಕಿದ ಅಣ್ಣಾಜಿ

ಅಣ್ಣಾಜಿಯವರನ್ನು ನಾನು ಮೊದಲು ಕಂಡದ್ದು ನಾನು ಮಾಸ್ತರನಾಗಿದ್ದ ಬ್ಯಾಡಗಿಯ ಹೈಸ್ಕೂಲಿನಲ್ಲಿ, ೧೯೮೦ರ ಜೂನ್ ತಿಂಗಳಲ್ಲಿ, ಅವರು ಮಗಳ ಹೆಸರು ಹಚ್ಚಲು ಬಂದ ದಿನ. ಅಂದು ಮಾತಾಡಿದವರು ಅವರಲ್ಲ, ಅವರ ಹೆಂಡತಿ ಸರಸ್ವತೀಬಾಯಿ. ಮಗಳು ಪ್ರಮಿಳಾಗೆ ಗಣಿತ ಬರುತ್ತದೆಂದೂ, ಆದರೆ ಬೋರ್ಡಿನ ಮುಂದೆ ನಿಲ್ಲಿಸಿದರೆ ಮರೆತುಹೋಗುತ್ತದೆಂದೂ, ಬಿಸಿಲಿಗೆ ಮೂಗಿನಿಂದ ರಕ್ತ ಬರುವುದರಿಂದ ಕಿಟಕಿಯ ಪಕ್ಕ ಕೂಡಿಸಬಾರದೆಂದೂ ಆಕೆ ಒಂದೇ ಉಸಿರಿನಲ್ಲಿ ಹೇಳಿದರು. ಅಣ್ಣಾಜಿಯವರು ಹಿಂದೆ ಒದ್ದೆ ಛತ್ರಿ ಹಿಡಿದು ನಿಂತಿದ್ದರು.

"ತಾವು ಏನು ಉದ್ಯೋಗ ಮಾಡುತ್ತೀರಿ?" ಎಂದು ನಾನು ಅವರನ್ನೇ ಕೇಳಿದೆನು.

ಅವರು ಬಾಯಿ ತೆರೆಯುವಷ್ಟರಲ್ಲಿ ಸರಸ್ವತೀಬಾಯಿ, "ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ಗುಮಾಸ್ತರಿದ್ದಾರ್ರೀ. ದಿನಾ ಅಲ್ಲಿ ಮಂದಿ ಒದರೋದು ಕೇಳಿ ಕೇಳಿ ಮನ್ಯಾಗ ಮಾತಾಡೋದು ಬಿಟ್ಟಾರ. ಅವರ ಪಾಲಿಂದೂ ನಾನ ಆಡ್ತೀನಿ," ಎಂದರು. ಅಣ್ಣಾಜಿಯವರು ನಕ್ಕರು. ಅವರು ನಕ್ಕದ್ದನ್ನು ನಾನು ಆಮೇಲೆ ಬಹಳ ಸಲ ಕಂಡಿಲ್ಲ.

೧೯೮೬ರ ಮಳೆಗಾಲದಲ್ಲಿ ಸರಸ್ವತೀಬಾಯಿಗೆ ಕಾಮಾಲೆಯಾಯಿತು. ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು. ಅಣ್ಣಾಜಿಯವರು ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದರು, ನೀರು ಕೊಟ್ಟರು, ದಿನಕರ್ಮಗಳು ಮುಗಿದ ಮರುದಿನ ಅಂಗಡಿಗೆ ಹೋಗಿ ಕುಳಿತರು. ಅವರ ಎದೆ ಕಲ್ಲೆಂದು ಕೆಲವರು ಆಡಿಕೊಂಡರು. ಪ್ರಮಿಳಾಳೂ ತಂದೆಯಂತೆಯೇ ಇದ್ದಳು. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆನು. ಅವಳು ಬಡಿಸಿದಳು, ಅವರು ಉಂಡರು. ಸಾಕೆನ್ನಲು ಕೈ ಅಡ್ಡ ಮಾಡಿದರು, ಅಷ್ಟೇ. ಜಗಳವೇನೂ ಇರಲಿಲ್ಲ. ಮಾತಾಡುವ ಕೆಲಸ ಆ ಮನೆಯಲ್ಲಿ ಒಬ್ಬರಿಗೆ ಸೇರಿದ್ದಾಗಿತ್ತು. ಆ ಒಬ್ಬರು ಇರಲಿಲ್ಲ. ಸಾವು ಎಂಬ ಶಬ್ದವನ್ನು ಅವರಿಬ್ಬರ ಬಾಯಲ್ಲಿ ನಾನು ಕೇಳಲೇ ಇಲ್ಲ. ಅವರು "ಅದಾದ ಮ್ಯಾಲೆ" ಎನ್ನುತ್ತಿದ್ದರು. ಅವಳು "ಅವ್ವ ಇಲ್ರೀ" ಎನ್ನುತ್ತಿದ್ದಳು, ತಾಯಿ ನೆರೆಮನೆಗೆ ಹೋಗಿದ್ದಾಳೇನೋ ಎಂಬಂತೆ.

ಮರುವರ್ಷ ನನಗೆ ನಿವೃತ್ತಿಯಾಯಿತು. ನಾನು ರಾಣೇಬೆನ್ನೂರಿಗೆ ಬಂದು ನೆಲೆಸಿದೆನು. ಪ್ರಮಿಳಾಳಿಗೆ ವರ ನೋಡುವುದು ಆಗಲೇ ಆರಂಭವಾಗಿತ್ತು. ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಆ ಮನೆಯ ಮೌನದಲ್ಲಿ ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಿದ್ದರು; ಆಮೇಲೆ ಉತ್ತರ ಬರುತ್ತಿರಲಿಲ್ಲ. ಕಡೆಗೆ ಮಧ್ಯಸ್ಥರೊಬ್ಬರು ಬಾಯಿಬಿಟ್ಟು ಹೇಳಿದರಂತೆ, "ಹುಡುಗಿ ಛಲೋ ಅದಾಳ. ಆದ್ರ ನಿಮ್ಮ ಮನಿ ಇನ್ನೂ ಸೂತಕದ ಮನಿ ಇದ್ದಂಗ ಐತ್ರಿ" ಎಂದು.

೧೯೮೮ರ ಚಳಿಗಾಲ ಮುಗಿಯುತ್ತಿದ್ದಾಗ ಅಣ್ಣಾಜಿಯವರು ನಮ್ಮ ಮನೆಗೆ ಬಂದರು.

"ಮಾಸ್ತರ, ಒಂದು ಹೋಟೆಲ್ ನೋಡಬೇಕಾಗೇದ."

"ಯಾತಕ್ಕ?"

"ಕನ್ಯಾ ತೋರಸಾಕ. ಹುಬ್ಬಳ್ಳಿಯವರು ಬರತಾರ. ಮನಿಗೆ ಬ್ಯಾಡ. ಗದ್ದಲ ಇರೋ ಹೋಟೆಲ್ ಬೇಕು. ಭಾಳ ತುಟ್ಟೀದು ಬ್ಯಾಡ, ಹಂಗಂತ ತೀರಾ ಅಗ್ಗದ್ದೂ ಆಗಬಾರದು. ಟೇಬಲ್ ಮಾತ್ರ ಮೊದಲ ಹಿಡಿದಿಟ್ಟಿರಬೇಕು. ಬಂದ ಬೀಗರನ್ನ ನಿಂದರಸೋದು ಛಂದಲ್ಲ."

"ಗದ್ದಲ ಯಾಕ ಬೇಕು?"

"ನಾವು ಅಪ್ಪ-ಮಗಳು ಸುಮ್ಮನ ಕುಂತದ್ದು ಯಾರಿಗೂ ತಿಳಿಯಂಗಿಲ್ಲ," ಎಂದರು. ಅಂಗಡಿಯಲ್ಲಿ ಅಂದಿನ ಧಾರಣೆ ಹೇಳುವ ದನಿಯಲ್ಲಿಯೇ ಹೇಳಿದರು.

ಒಳಗಿನಿಂದ ನನ್ನ ಹೆಂಡತಿ ಹೊರಬಂದಳು. "ಹೋಟೆಲಿನ್ಯಾಗ ಕನ್ಯಾ ತೋರಸ್ತಾರೇನ್ರೀ? ಎಲ್ಲೆರೆ ಕೇಳೀರೇನು? ನಮ್ಮನಿಗೆ ಕರಕೊಂಡು ಬರ್ರಿ. ನಾ ಶಿರಾ ಮಾಡ್ತೀನಿ."

"ನಿಮ್ಮನೀನೂ ಭಾಳ ಶಾಂತ ಅದ ಅಕ್ಕಾರ," ಎಂದರು ಅಣ್ಣಾಜಿ. ನನ್ನ ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು.

ನಾನೂ ಅಣ್ಣಾಜಿಯವರೂ ಮೊದಲು ಹಾವೇರಿಗೆ ಹೋದೆವು. ಅಲ್ಲಿ ಹೊಸದಾದ ಒಂದು ಲಾಡ್ಜಿನ ಕೆಳಗೆ ಊಟದ ಕೋಣೆಯಿತ್ತು. ಕಿಟಕಿಗೆ ದಪ್ಪ ಪರದೆ, ಮಂದ ದೀಪ, ಟೇಬಲ್ಲಿನ ಮೇಲೆ ಕಾಗದದ ಹೂವು. ಮ್ಯಾನೇಜರು, ಯಾವ ದಿನ ಬೇಕಾದರೂ ಟೇಬಲ್ಲು ಕಾದಿರಿಸುತ್ತೇನೆಂದು ಉತ್ಸಾಹದಿಂದ ಹೇಳಿದನು. ಅಣ್ಣಾಜಿಯವರು ಚಮಚವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ಕಿವಿಗೊಟ್ಟರು. "ಬ್ಯಾಡ ಮಾಸ್ತರ. ಚಮಚಾ ಇಟ್ಟದ್ದೂ ಕೇಳಸ್ತದ," ಎಂದು ಎದ್ದರು. ಬಸ್ ನಿಲ್ದಾಣದ ಹತ್ತಿರದ ಇನ್ನೊಂದರಲ್ಲಿ ಗದ್ದಲ ಬೇಕಾದಷ್ಟಿತ್ತು. ಆದರೆ ಉಣ್ಣುವವರ ಬೆನ್ನಿಗೇ ಮುಂದಿನವರು ಬಂದು ನಿಂತು, ಯಾವಾಗ ಏಳುವಿರೆಂದು ತಟ್ಟೆಯನ್ನೇ ನೋಡುತ್ತಿದ್ದರು. ಅದೂ ಆಗಲಿಲ್ಲ.

ಕಡೆಗೆ ಒಪ್ಪಿಗೆಯಾದದ್ದು ನಮ್ಮ ರಾಣೇಬೆನ್ನೂರಿನಲ್ಲಿಯೇ, ಪೇಟೆಯ ನಡುವೆ ಇದ್ದ ಮೈಲಾರೆಪ್ಪನ ಹೋಟೆಲು. ಉದ್ದನೆಯ ಪಡಸಾಲೆ, ಒಂದು ಬದಿಗೆ ದೋಸೆಯ ಹಂಚು, ಇನ್ನೊಂದು ಬದಿಗೆ ರೇಡಿಯೋ, ನಡುವೆ ಮಾಣಿಗಳ ಕೂಗು. ಮೈಲಾರೆಪ್ಪ ಗಲ್ಲೆಯ ಮೇಲೆ ಕುಳಿತು ರೊಕ್ಕ ಎಣಿಸುತ್ತಲೇ ನಮ್ಮ ಮಾತು ಕೇಳಿದನು.

"ಟೇಬಲ್ ಹಿಡಿದಿಡೋದಾ? ಇದೇನು ಬಸ್ಸೇನ್ರಿ, ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡ್ಯಾಕ?"

"ಟವೆಲ್ ಹಾಕಿದ್ರ ನಡೀತದೇನು?" ಎಂದು ಅಣ್ಣಾಜಿಯವರು ಕೇಳಿದರು. ಅದು ಹಾಸ್ಯವಾಗಿರಲಿಲ್ಲ. ಮೈಲಾರೆಪ್ಪ ಎಣಿಕೆ ಬಿಟ್ಟು ತಲೆಯೆತ್ತಿದನು. ಕನ್ಯೆ ತೋರಿಸುವ ವಿಷಯವೆಂದೂ, ಹುಬ್ಬಳ್ಳಿಯವರು ಬರುವ ದಿನ ಇಂಥದೆಂದೂ ನಾನು ಹೇಳಿದೆನು.

"ಮೊದಲ ಹೇಳಬಾರದೇನ್ರಿ ಯಜಮಾನ್ರ! ಹಾಕ್ರಿ ಟವೆಲ್. ನಡಕಿನ ದೊಡ್ಡ ಟೇಬಲ್ ನಿಮ್ದು. ಆದ್ರ ಅವತ್ತ ಸಂತಿ ಐತಿ ನೋಡ್ರಿ, ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ."

"ಸಂತೀ ದಿನಾನ ಬೇಕು," ಎಂದರು ಅಣ್ಣಾಜಿ.

ಆ ದಿನ ಮುಂಜಾನೆ ಟೇಬಲ್ಲಿನ ಮೇಲೆ ಒಗೆದ ಟವೆಲ್ ಹಾಸಿ, ನಾವು ಪ್ರಮಿಳಾಳೊಡನೆ ರೈಲು ನಿಲ್ದಾಣಕ್ಕೆ ಹೋದೆವು. ಹುಡುಗ ಚಂದ್ರಶೇಖರ ಹುಬ್ಬಳ್ಳಿಯಲ್ಲಿ ಕರೆಂಟು ಆಫೀಸಿನ ನೌಕರ. ತಾಯಿತಂದೆಯರಿಲ್ಲದ ಅವನನ್ನು ಸಾಕಿದ ಅತ್ತೆ ಇಂದಿರಾಬಾಯಿ ಜೊತೆಯಲ್ಲಿ ಬಂದಿದ್ದರು. ಹೋಟೆಲೆಂದು ತಿಳಿದಾಗಲೇ ಆಕೆಯ ಮುಖ ಬಿಗಿಯಿತು.

ನಾವು ಒಳಗೆ ಹೋದಾಗ ನಮ್ಮ ಟೇಬಲ್ಲಿನಲ್ಲಿ ಹತ್ತಿರದ ಹಳ್ಳಿ ಹಲಗೇರಿಯ ಮುದುಕಿಯೊಬ್ಬಳು ಕುಳಿತು ಅನ್ನ ಕಲಸುತ್ತಿದ್ದಳು. ಪಕ್ಕದಲ್ಲಿ ಸಂತೆಯಲ್ಲಿ ಕೊಂಡ ಹೊಸ ಮೊರ. ಟವೆಲ್ಲನ್ನು ಮಡಿಸಿ ಮೂಲೆಗಿಟ್ಟಿದ್ದಳು. ಅವಳ ಹೆಸರು ಮೈಲವ್ವ ಎಂಬುದು ಆಮೇಲೆ ತಿಳಿಯಿತು.

"ಅಜ್ಜಿ, ಈ ಟೇಬಲ್ ನಾವು ಹಿಡಿದೇವಿ," ಎಂದೆನು.

"ಯಾರು ಹಿಡಿದಿದ್ರಿ? ನಾ ಬಂದಾಗ ಯಾರೂ ಇರಲಿಲ್ಲ."

"ಟವೆಲ್ ಇತ್ತಲ್ಲ!"

"ಟವೆಲ್ ಊಟಾ ಮಾಡ್ತೈತೇನೋ ತಮ್ಮಾ? ಉಣ್ಣಾಕತ್ತೀನಿ ನಾನು. ಕುಂದ್ರಿ, ಜಾಗಾ ಏನ್ ಕಡಿಮಿ ಐತಿ?"

ಗಲ್ಲೆಯ ಮೇಲಿದ್ದ ಮೈಲಾರೆಪ್ಪ ಹಣೆ ಬಡಿದುಕೊಂಡನು. ಉಣ್ಣುವ ಮುದುಕಿಯನ್ನು ಎಬ್ಬಿಸುವಂತಿರಲಿಲ್ಲ. ನಾವೆಲ್ಲ ಅವಳ ಸುತ್ತಲೂ ಕುಳಿತೆವು; ಮಾಣಿ ನಮಗೂ ಊಟ ತಂದಿಟ್ಟನು.

ಇಂದಿರಾಬಾಯಿ ಪ್ರಮಿಳಾಳನ್ನು ಎಲ್ಲಿಯವರೆಗೆ ಓದಿದೆಯೆಂದು ಕೇಳಿದರು. ಅವಳ ಉತ್ತರ ಗದ್ದಲದಲ್ಲಿ ಮುಳುಗಿತು. ನಡುವೆ ಕುಳಿತ ಮೈಲವ್ವ, "ಪಿಯುಸಿ ಅಂತ!" ಎಂದು ಕೂಗಿ ಮುಟ್ಟಿಸಿದಳು. ಅಡುಗೆ ಬರುತ್ತದೆಯೇ ಎಂದರು. "ಬರ್ತೈತೆಂತ!" ಎಂದಳು. ಆಮೇಲೆ ಏನೋ ಹೊಳೆದು ಕೈ ನಿಲ್ಲಿಸಿದಳು.

"ಕನ್ಯಾ ನೋಡಾಕ ಬಂದೀರೇನು? ಹುಡುಗ ನೀನನಪಾ? ಕುಡೀತೀಯೇನು?"

"ಇಲ್ಲಜ್ಜಿ," ಎಂದನು ಚಂದ್ರಶೇಖರ.

"ಏನೂ?"

"ಇಲ್ಲಾ ಅಂದೆ!" ಎಂದು ಅವನು ಕೂಗಿದನು. ಪಕ್ಕದ ಟೇಬಲ್ಲಿನವರು ನಕ್ಕರು. ಇಂದಿರಾಬಾಯಿಗೂ ನಗು ತಡೆಯಲಾಗಲಿಲ್ಲ. ಮೈಲವ್ವ ಪ್ರಮಿಳಾಳ ಕಡೆಗೆ ಹೊರಳಿದಳು.

"ಮತ್ತ ನಿಮ್ಮವ್ವ? ಇಂಥಾ ದಿನಾ ಮಗಳನ್ನ ಬಿಟ್ಟು ಎಲ್ಲಿ ಹ್ವಾದ್ಲು ಅಕಿ?"

ಅಣ್ಣಾಜಿಯವರ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಅವ್ವ ಇಲ್ರೀ," ಎಂದಳು ಪ್ರಮಿಳಾ.

"ಏನೂ? ಕೇಳವಲ್ದು, ಜೋರಾಗಿ ಹೇಳವಾ."

"ಸತ್ತಾಳ್ರೀ!" ಪ್ರಮಿಳಾ ಕೂಗಿದಳು. "ನಮ್ಮವ್ವ ಸತ್ತಾಳ!"

ದೋಸೆಯ ಹಂಚು ಚುಂಯ್ ಎನ್ನುತ್ತಲೇ ಇತ್ತು, ಮಾಣಿಗಳು ಕೂಗುತ್ತಲೇ ಇದ್ದರು. ಪ್ರಮಿಳಾಳ ಕಣ್ಣಿನಿಂದ ನೀರು ಇಳಿದು ಅನ್ನದ ಮೇಲೆ ಬಿದ್ದಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಮೈಲವ್ವ ತನ್ನ ಹಪ್ಪಳವನ್ನು ಅವಳ ತಟ್ಟೆಗೆ ಹಾಕಿ, "ಉಣ್ಣವಾ," ಎಂದಳು.

ಚಂದ್ರಶೇಖರ ಮುಂದಕ್ಕೆ ಬಾಗಿ ಕೇಳಿದನು: "ಹೆಂಗಿದ್ರು ನಿಮ್ಮವ್ವ?"

"ಭಾಳ ಮಾತಾಡ್ತಿದ್ಲು," ಎಂದಳು ಪ್ರಮಿಳಾ. ಅವನಿಗೆ ಕೇಳಲೆಂದು ಕೂಗಿಯೇ ಹೇಳಬೇಕಾಯಿತು. ಹಾಲಿನವನೊಡನೆ ತಾಯಿ ಆಡುತ್ತಿದ್ದ ಜಗಳ, ತನಗೆ ಕಲಿಸಲು ಹೋಗಿ ಅವ್ವನೇ ಕರಿದು ಕರಕಲು ಮಾಡಿದ ಕರಿಗಡಬು, ಎಲ್ಲವನ್ನೂ ಹೇಳಿದಳು. ಎರಡು ವರ್ಷದ ಮಾತು ಒಮ್ಮೆಲೇ ಬಂದಿತು. ಮೈಲವ್ವ ಎದ್ದು ಮೊರ ತೆಗೆದುಕೊಂಡು ಹೋದದ್ದನ್ನೂ ಅವಳು ಗಮನಿಸಲಿಲ್ಲ.

ನಿಲ್ದಾಣದಲ್ಲಿ ಗಾಡಿ ಹತ್ತುವ ಮುನ್ನ ಇಂದಿರಾಬಾಯಿ ಅಣ್ಣಾಜಿಯವರಿಗೆ, "ಹುಡುಗಿ ಏನೂ ಮುಚ್ಚಿಡಲಿಲ್ಲ. ನಮಗ ಒಪ್ಪಿಗಿ ಅದರಿ," ಎಂದರು. ಅಣ್ಣಾಜಿಯವರು ಕೈ ಮುಗಿದರು.

ಗಾಡಿ ಹೋಯಿತು. ಪ್ರಮಿಳಾ ನೀರು ಕುಡಿಯಲು ನಳದ ಹತ್ತಿರ ಹೋಗಿದ್ದಳು. ಅಣ್ಣಾಜಿಯವರು ಹಳಿಯ ಕಡೆಗೆ ನೋಡುತ್ತ ಕೇಳಿದರು:

"ಮಾಸ್ತರ, ಈಗ ನನಗ ಖುಷಿ ಆಗಬೇಕಾಗಿತ್ತಲ್ಲ?"

"ಆಗೇದ, ನಿಮಗ ತಿಳಿದಿಲ್ಲ."

"ಇಲ್ರೀ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮ್ಯಾಲೆ ಗಲ್ಲ ಹೆಂಗಿರತದ, ಹಂಗದ. ಕೈಯಿಂದ ಮುಟ್ಟಿದ್ರ ಅದ ಅಂತ ಗೊತ್ತಾಗತದ. ಅಷ್ಟ."

ಪ್ರಮಿಳಾ ನೀರು ಕುಡಿದು ಬಂದಳು; ನಾವು ಮೂವರೂ ನಿಲ್ದಾಣದ ಹೊರಗೆ ನಡೆದೆವು.

ಮದುವೆ ಅದೇ ವರ್ಷ ಆಯಿತು. ಮಗಳನ್ನು ಕಳಿಸುವಾಗ ನನ್ನ ಹೆಂಡತಿಯೂ ಅತ್ತಳು. ಅಣ್ಣಾಜಿಯವರು ಬಸ್ಸಿನ ಮೇಲೆ ಟ್ರಂಕಿಗೆ ಹಗ್ಗ ಸರಿಯಾಗಿ ಬಿಗಿದಿದೆಯೋ ಇಲ್ಲವೋ ಎಂದು ಎಳೆದು ನೋಡುತ್ತಿದ್ದರು.

ಅದಾಗಿ ಹತ್ತು ವರ್ಷಗಳಾದವು. ದಲಾಲಿ ಅಂಗಡಿಯ ಕೆಲಸ ಬಿಟ್ಟ ಮೇಲೆ ಅವರು ಬ್ಯಾಡಗಿಯ ಬಾಡಿಗೆ ಮನೆಯನ್ನೂ ಬಿಟ್ಟು, ನಮ್ಮ ಓಣಿಯಲ್ಲಿಯೇ ಒಂದು ಕೋಣೆ ಹಿಡಿದಿದ್ದಾರೆ. ಮೈಲಾರೆಪ್ಪ ಹೋಟೆಲು ದೊಡ್ಡದು ಮಾಡಿ ಫೋನು ಹಾಕಿಸಿಕೊಂಡನು. ಗಲ್ಲೆಯ ಮೇಲೆ ಕೂಡಲು ನಂಬಿಕೆಯ ಮನುಷ್ಯ ಬೇಕೆಂದು ಅಣ್ಣಾಜಿಯವರನ್ನೇ ಕರೆದನು. "ಅಲ್ಲಿ ಗದ್ದಲ ಅದ," ಎಂದು ಅವರು ಒಪ್ಪಿಕೊಂಡರು. ಹಬ್ಬಕ್ಕೆ ಹುಬ್ಬಳ್ಳಿಯಿಂದ ಬರುವ ಪ್ರಮಿಳಾ ಗಲ್ಲೆಯ ಪಕ್ಕ ಕುರ್ಚಿ ಹಾಕಿಕೊಂಡು ಹೊತ್ತು ಮುಳುಗುವವರೆಗೆ ಮಾತಾಡುತ್ತಾಳೆ. ಅವರು ಚಿಲ್ಲರೆ ಕೊಡುತ್ತ ಹೂಂಗುಟ್ಟುತ್ತಾರೆ. ಅವರಿಗೆ ಈಗ ಹೇಗಿದೆಯೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಈಗ ಊರಿನವರು ಟೇಬಲ್ಲು ಬೇಕೆಂದು ಫೋನು ಮಾಡುವುದು ರೂಢಿಯಾಗಿದೆ. ನಿನ್ನೆ ಸಂಜೆ ನಾನು ಚಹಾಕ್ಕೆ ಹೋಗಿದ್ದಾಗಲೂ ಫೋನಿನ ಗಂಟೆ ಹೊಡೆಯಿತು. ಯಾರೋ ಕನ್ಯೆ ತೋರಿಸಲು ಒಳಗಿನ ಕೋಣೆ ಕೇಳುತ್ತಿದ್ದರು. ಅಣ್ಣಾಜಿಯವರು ಒಂದು ಕಿವಿಗೆ ಬೆರಳಿಟ್ಟು, "ಒಳಗ ಬ್ಯಾಡ್ರಿ, ನಡಕಿಂದು ಕೊಡ್ತೀನಿ. ಎಷ್ಟು ಮಂದಿ ಬರ್ತೀರಿ?" ಎಂದು ಕೇಳಿದರು.