ಪರದೆ ಇಲ್ಲದ ಬಾರು

ಮೊನ್ನೆ ಮನೆಯಲ್ಲಿ ಹುರಿದ ಶೇಂಗಾಕ್ಕೆ ಈರುಳ್ಳಿ ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡಿದರು. ಆ ವಾಸನೆಗೆ ಥಟ್ಟನೆ ನೆನಪಾದವರು ನಮ್ಮ ಸಾವ್ಕಾರ್ರು. ಹೊಸಪೇಟೆಯ ಕಾಲುವೆ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಬಾಡಿಗೆಗಿದ್ದ ಮನೆ ಅವರದು. ಕಂಪ್ಲಿ ಕಡೆ ಗದ್ದೆ, ಊರಲ್ಲಿ ಸ್ಟೇಷನ್ ರಸ್ತೆಗೆ ಒಂದು ಖಾಲಿ ಮಳಿಗೆ. ವರ್ಷಕ್ಕೆ ಎರಡು ಬೆಳೆ ಭತ್ತ ಬರುತ್ತಿದ್ದ ಕಾಲ; ಮನುಷ್ಯ ಸದಾ ಖುಷಿಯಲ್ಲಿರುತ್ತಿದ್ದರು.

ಎಂಬತ್ತರ ದಶಕದ ಕೊನೆಯಿರಬೇಕು... ಬೇಸಿಗೆಯಲ್ಲಿ ರಿಪೇರಿಗೆಂದು ಕಾಲುವೆ ನೀರು ನಿಲ್ಲಿಸಿದ್ದರು. ನೀರಿಲ್ಲದಿದ್ದರೆ ಅವರಿಗೂ ಬಿಡುವು, ನನಗೂ ಬಿಡುವು. ಬೆಂಗಳೂರಿನಲ್ಲಿ ಪಬ್ ಅಂತ ಆಗಿವೆ, ಬಾಟಲಿಯೇ ಇಲ್ಲದೆ ನಲ್ಲಿಯಿಂದ ಬಿಯರ್ ಬಿಡುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. "ಕಾಲುವಿ ಬಂದ್ ಆದ್ರೇನಾತು, ನಲ್ಲಿ ಚಾಲೂ ಐತೆಲ್ರೀ, ನಡೀರಿ" ಎಂದು ನನ್ನನ್ನು ರೈಲು ಹತ್ತಿಸಿದರು.

ಎರಡು ದಿನ ಪಬ್ಬಿನಿಂದ ಪಬ್ಬಿಗೆ ತಿರುಗಿದೆವು. ಧೋತರ, ರುಮಾಲಿನ ಸಾವ್ಕಾರ್ರು ಹೋದಲ್ಲೆಲ್ಲ ಒಂದು ಮಗ್ ತರಿಸಿ, ಕಣ್ಣು ಮುಚ್ಚಿ ರುಚಿ ನೋಡಿ, ತೀರ್ಪು ಕೊಡುತ್ತಿದ್ದರು. ಒಂದು ಹದವಾಗಿದೆ, ಇನ್ನೊಂದು ಹಳಸಿದ ಅಂಬಲಿ. ಕುಡಿಯುವ ಮುಂಚೆ ಬೆರಳು ಅದ್ದಿ ನಾಲ್ಕು ಹನಿ ನೆಲಕ್ಕೆ ಚಿಮುಕಿಸುವುದು ನಮ್ಮ ಕಡೆಯ ರೂಢಿ. ಚಿಮುಕಿಸಿದ್ದೇ ತಡ, ವೇಟರ್ ಬಟ್ಟೆ ಹಿಡಿದು ಓಡಿ ಬರುತ್ತಿದ್ದ. "ಭೂಮ್ತಾಯಿಗೆ ಕೊಟ್ಟಿದ್ದನ್ನ ಒರಸ್ತಾನಲ್ರೀ ಇಂವಾ!" ಎಂದು ಸಾವ್ಕಾರ್ರು ಮೇಜಿನ ಮೇಲಿದ್ದ ಇಂಥದೇ ಶೇಂಗಾ ಬಾಯಿಗೆ ಹಾಕಿಕೊಂಡು ನಗುತ್ತಿದ್ದರು.

ಕೊನೆಯ ಪಬ್ಬಿನಲ್ಲಿ ರಸ್ತೆ ಕಡೆಯ ಗಾಜಿನ ಪಕ್ಕ ಅವರದೇ ವಯಸ್ಸಿನ ಗಂಡ ಹೆಂಡತಿ ಎದುರುಬದುರು ಕೂತು, ಬಿಯರ್ ಕುಡಿಯುತ್ತಾ ಹರಟುತ್ತಿದ್ದರು. ಸಾವ್ಕಾರ್ರು ಅವರನ್ನೇ ನೋಡುತ್ತ ಕೂತುಬಿಟ್ಟರು. "ನಮ್ಮೂರಾಗ ಕಳ್ರಂಗ ಪರದಿ ಹಿಂದ ಕುಂದರ್ತೀವಿ. ನಾನೊಂದು ಬಾರ್ ತೆಗಿತೀನ್ರಿ. ಪರದಿ ಇಲ್ಲ, ಬರೇ ಗಾಜು."

ತೆಗೆದೇಬಿಟ್ಟರು. ಸ್ಟೇಷನ್ ರಸ್ತೆಯ ಮಳಿಗೆಗೆ ಆಳೆತ್ತರದ ಗಾಜು ಬಂತು. ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು, "ಹಿಂದ ಬಾಗ್ಲ ಐತೇನ್ರಿ?" ಎಂದು ಕೇಳಿ ಹೊರಟುಹೋದರು. ಹೋಗದೆ ಏನು ಮಾಡಿಯಾರು? ಆ ರಸ್ತೆಯಲ್ಲಿ ಒಬ್ಬರ ಮಾವ ಹಾಯುತ್ತಿದ್ದರು, ಇನ್ನೊಬ್ಬರ ಮೇಷ್ಟ್ರು ಹಾಯುತ್ತಿದ್ದರು. ನಾನೂ ರಸ್ತೆಗೆ ಬೆನ್ನು ಮಾಡಿ ಕೂತವನೇ. ಪರದೆ ಹಾಕು ಎಂದು ಅಣ್ಣತಮ್ಮಂದಿರು ಗಂಟುಬಿದ್ದರೆ ಸಾವ್ಕಾರ್ರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಒಬ್ಬರು ಧೈರ್ಯ ಮಾಡಿದರೆ ಊರೇ ಬರುತ್ತದೆ ಎಂದು, ಸಂಜೆ ತಾವೇ ಗಾಜಿನ ಪಕ್ಕ ಮಗ್ ಹಿಡಿದು ಕೂರುತ್ತಿದ್ದರು. ಒಬ್ಬರೇ.

ಒಂದು ಸಂಜೆ ಅವರ ಹೆಂಡತಿ ಬಂದರು. ನಾವೆಲ್ಲ ಅವರನ್ನು ಅವ್ವ ಎನ್ನುತ್ತಿದ್ದೆವು. ಊರು ನಗುವುದು ಅವರ ಕಿವಿಗೂ ಬಿದ್ದಿತ್ತು. ತಲೆ ತುಂಬ ಸೆರಗು ಹೊದ್ದು ನೇರ ಒಳಗೆ ಬಂದವರೇ ಗಂಡನ ಎದುರಿನ ಕುರ್ಚಿಯಲ್ಲಿ ಕೂತರು. "ನೋಡೋರು ನೋಡ್ಲಿ. ನೀವು ಕುಡೀರಿ."

ಸಾವ್ಕಾರ್ರು ಮಗ್ ಎತ್ತಲು ಹೋದರು... ಕೈ ಏಳಲಿಲ್ಲ. ಮದುವೆಯಾದಾಗಿನಿಂದ ಒಂದು ದಿನವೂ ಆಕೆಯ ಎದುರು ಕುಡಿದವರಲ್ಲ. ನಾಚಿ ನೀರಾಗಿ, ಮಗ್ ಪಕ್ಕಕ್ಕೆ ಸರಿಸಿ, ಎರಡು ನಿಂಬೆ ಸೋಡಾ ಹೇಳಿದರು.

ಕೆಲವೇ ದಿನಗಳಲ್ಲಿ ಬಾರು ಹೋಗಿ ಸೋಡಾ ಅಂಗಡಿಯಾಯಿತು. ಗಾಜಿಗೆ ಮಾತ್ರ ಪರದೆ ಬರಲಿಲ್ಲ. ಜನ ಸಂಸಾರಸಮೇತ ಬಂದರು. ಇವರಿಬ್ಬರೂ ದಿನಾ ಸಂಜೆ ಅಲ್ಲೇ ಕೂರುತ್ತಿದ್ದರು. ಅಷ್ಟು ಸುಖವಾಗಿದ್ದ ಗಂಡ ಹೆಂಡಿರನ್ನು ನಾನು ಹೆಚ್ಚು ಕಂಡಿಲ್ಲ.

ಸಾವ್ಕಾರ್ರು ತೀರಿಕೊಂಡು ವರ್ಷಗಳಾದವು. ಶೇಂಗಾ ತಿಂದ ವಾರವೇ ಹೊಸಪೇಟೆಗೆ ಹೋಗಿ ಅವ್ವನನ್ನು ಕಂಡು ಬಂದೆ. ಆ ಸಂಜೆಯ ಮಾತು ತೆಗೆದು, "ನಿಮ್ಮ ಮುಂದ ಕುಡಿಯಾಕ ಅವ್ರಿಗೆ ಧೈರ್ಯ ಸಾಲಲಿಲ್ಲ ನೋಡ್ರಿ" ಎಂದೆ. ಅವ್ವ ಮೊಮ್ಮಕ್ಕಳಿಗೆ ಕೇಳಿಸದಂತೆ ದನಿ ತಗ್ಗಿಸಿ ನಕ್ಕರು.

"ನಾನೂ ಒಂದ್ ಗುಟುಕು ಕೇಳೋಣಂತನ ಬಂದಿದ್ನೆಪ್ಪಾ. ಅವ್ರು ಸೋಡಾ ಹೇಳಿಬಿಟ್ರು."

ಇದನ್ನು ಅವರಿಗೆ ಯಾವತ್ತಾದರೂ ಹೇಳಿದ್ದಿರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಆ ಮಾತು ಕೇಳಿಸಿಕೊಳ್ಳಲು ಸಾವ್ಕಾರ್ರು ಇರಬೇಕಿತ್ತು.